ಶಾಲೆಯ ಆವರಣಕ್ಕೂ ಒಂದು ನಕ್ಷೆ ಬೇಡವೇ?

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಹೆಸರು ಮಂಡ್ಯ ಜಿಲ್ಲೆಯ ಹೊರಗೆ ಕೇಳಿಬರುವುದು ಹೆಚ್ಚಾಗಿ ನೀರಾವರಿಯ ಸಂದರ್ಭದಲ್ಲಿ. ಕಾವೇರಿ ನೀರನ್ನು ಮೇಲೆತ್ತಿ, ಕಾಲುವೆ ತಲುಪಲಾರದ ಹೊಲಗಳಿಗೆ ಹನಿ ಹಾಗೂ ತುಂತುರು ಪದ್ಧತಿಯಲ್ಲಿ ಉಣಿಸುವ ಯೋಜನೆಗೆ ಈ ಊರಿನ ಹೆಸರೇ ಅಂಟಿಕೊಂಡಿದೆ. ಆ ಯೋಜನೆಯ ಗುಣಾವಗುಣಗಳ ಚರ್ಚೆ ಇಲ್ಲಿ ಅಪ್ರಸ್ತುತ. ಪ್ರಸ್ತುತವಾದದ್ದು ಇಷ್ಟು: ಇಂಥ ಕಾಮಗಾರಿಯಲ್ಲಿ ನೆಲದ ಏರುತಗ್ಗು ಅಳೆಯದೆ ಒಂದು ಕೊಳವೆಯನ್ನೂ ಹೂಳಲಾಗದು, ಯಾವ ಹೊಲ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯದೆ ಪಂಪು ಕೂರಿಸಲಾಗದು. ಇದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದವರೂ ಮೊದಲು ಅಳೆದರು, ಬರೆದರು, ಆಮೇಲೆ ಕಟ್ಟಿದರು. ನೀರು ಮತ್ತು ವಿದ್ಯುತ್ತಿನ ವಿಷಯದಲ್ಲಿ ಇಷ್ಟು ಶಿಸ್ತು ತೋರುವ ವ್ಯವಸ್ಥೆ, ಅದೇ ಊರುಗಳ ಸರ್ಕಾರಿ ಶಾಲೆಗಳ ಆವರಣಕ್ಕೆ ಬಂದೊಡನೆ ಟೇಪನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುವುದೇಕೆ?

ಈ ಭಾಗದ ಯಾವುದಾದರೂ ದೊಡ್ಡ ಊರಿನ ಸರ್ಕಾರಿ ಶಾಲೆಯ ಅಂಗಳದಲ್ಲಿ ನಿಂತು ಸುತ್ತ ನೋಡಿದರೆ, ಕಳೆದ ಅರ್ಧ ಶತಮಾನದ ಶಿಕ್ಷಣ ನೀತಿಯ ಇತಿಹಾಸವನ್ನು ಗೋಡೆಗಳ ಮೇಲೆಯೇ ಓದಬಹುದು. ಊರವರು ವಂತಿಗೆ ಕೂಡಿಸಿ ಕಟ್ಟಿದ ಮಂಗಳೂರು ಹೆಂಚಿನ ಉದ್ದನೆಯ ಹಜಾರ ಒಂದು ಬದಿಗೆ. 1987ರಲ್ಲಿ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಪ್ರತಿ ಪ್ರಾಥಮಿಕ ಶಾಲೆಗೂ ಎಲ್ಲ ಋತುಗಳಿಗೆ ಒಗ್ಗುವ ಎರಡು ಕೊಠಡಿಗಳಿರಬೇಕೆಂದಿತು. ಅದರ ಗುರುತು ಇನ್ನೊಂದು ಬದಿಗೆ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಆರಂಭವಾದಾಗ ರಾಜ್ಯದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಕೋಲಾರ, ರಾಯಚೂರುಗಳ ಜೊತೆ ಮಂಡ್ಯವೂ ಇತ್ತು. ಆ ಕಾಲದ ಕೊಠಡಿಗಳು ಮೂಲೆಯಲ್ಲಿ. 2001ರ ನಂತರ ಸರ್ವ ಶಿಕ್ಷಾ ಅಭಿಯಾನ. ಬಿಸಿಯೂಟ ಬಂದ ಮೇಲೆ ಅಡುಗೆಮನೆ. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾದ ಬಳಿಕ ಪ್ರತ್ಯೇಕ ಶೌಚಾಲಯ, ಇಳಿಜಾರು ಹಾದಿ. ನಡುನಡುವೆ ಶಾಸಕರ, ಸಂಸದರ ನಿಧಿಯಿಂದ ಬಂದ ರಂಗಮಂದಿರವೋ ಕುಡಿಯುವ ನೀರಿನ ತೊಟ್ಟಿಯೋ. 2022ರಲ್ಲಿ ‘ವಿವೇಕ’ ಹೆಸರಿನಲ್ಲಿ ರಾಜ್ಯದಾದ್ಯಂತ ಸಾವಿರಾರು ಕೊಠಡಿಗಳನ್ನು ಒಟ್ಟಿಗೆ ಕೈಗೆತ್ತಿಕೊಂಡಾಗ ಅವುಗಳಿಗೆ ಬಳಿಯಬೇಕಾದ ಬಣ್ಣದ ಬಗ್ಗೆ ನಡೆದಷ್ಟು ವಾದ, ಅವು ಆವರಣದ ಯಾವ ಭಾಗದಲ್ಲಿ ಏಳಬೇಕೆಂಬ ಬಗ್ಗೆ ನಡೆಯಲಿಲ್ಲ.

ಒಂದೊಂದು ಯೋಜನೆಯೂ ತನ್ನಷ್ಟಕ್ಕೆ ಸದುದ್ದೇಶದ್ದೇ. ಒಂದೊಂದು ಕೊಠಡಿಗೂ ಇಲಾಖೆಯ ಸಿದ್ಧ ನಕ್ಷೆಯಿತ್ತು, ಅಂದಾಜು ಪಟ್ಟಿಯಿತ್ತು, ಅಳತೆ ಪುಸ್ತಕವಿತ್ತು. ಇಲ್ಲದಿದ್ದದ್ದು ಇಡೀ ಆವರಣದ ಚಿತ್ರ. ಎಂಜಿನಿಯರರ ಕಡತದಲ್ಲಿರುವುದು ಕೊಠಡಿಯ ನಕ್ಷೆಯೇ ಹೊರತು ಶಾಲೆಯ ನಕ್ಷೆಯಲ್ಲ. ಆದ್ದರಿಂದ ಪ್ರತಿ ಬಾರಿಯೂ ಹೊಸ ಕೊಠಡಿ ಎದ್ದದ್ದು ಎಲ್ಲಿ ಜಾಗ ಖಾಲಿ ಕಂಡಿತೋ ಅಲ್ಲಿ. ಅಂದರೆ ಬಹುತೇಕ ಆಟದ ಬಯಲಿನಲ್ಲಿ.

ಮಾಹಿತಿಗೆ ಬರವಿದೆಯೇ ಎಂದರೆ ಹಾಗೂ ಇಲ್ಲ. ಯು-ಡೈಸ್ ಅಂಕಿಅಂಶಕ್ಕಾಗಿ ಮುಖ್ಯೋಪಾಧ್ಯಾಯರು ಪ್ರತಿ ವರ್ಷ ತುಂಬುವ ನಮೂನೆಯಲ್ಲಿ ಕೊಠಡಿಗಳೆಷ್ಟು, ಸುಸ್ಥಿತಿಯಲ್ಲಿರುವುದೆಷ್ಟು, ಸಣ್ಣ ದುರಸ್ತಿ ಬೇಕಾದವೆಷ್ಟು, ದೊಡ್ಡ ದುರಸ್ತಿ ಬೇಕಾದವೆಷ್ಟು ಎಂಬುದೆಲ್ಲ ದಾಖಲಾಗುತ್ತದೆ. ಶಾಲೆಯ ನಿವೇಶನದ ಪಹಣಿ ‘ಭೂಮಿ’ ಯೋಜನೆಯಡಿ ಎರಡು ದಶಕಗಳ ಹಿಂದೆಯೇ ಕಂಪ್ಯೂಟರ್ ಸೇರಿದೆ. 2020ರಲ್ಲಿ ಆರಂಭವಾದ ‘ಸ್ವಾಮಿತ್ವ’ ಯೋಜನೆ ಗ್ರಾಮಠಾಣಾಗಳನ್ನು ಡ್ರೋನ್ ಮೂಲಕ ಮೇಲಿನಿಂದ ಚಿತ್ರಿಸಿದೆ. ಆರಂಭದ ಪ್ರಾಯೋಗಿಕ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಎಷ್ಟು ಎಂಬ ಪ್ರಶ್ನೆಗೆ ಉತ್ತರವಿದೆ. ನೆಲ ಯಾರದೆಂಬುದಕ್ಕೂ ಇದೆ. ಮೇಲಿನಿಂದ ಹೇಗೆ ಕಾಣುತ್ತದೆ ಎಂಬುದಕ್ಕೂ ಇದೆ. ‘ದೊಡ್ಡ ದುರಸ್ತಿ: 3’ ಎಂದು ಬರೆದ ಆ ಮೂರು ಕೊಠಡಿಗಳು ಯಾವುವು, ಅವು ಒಂದೇ ಸಾಲಿನಲ್ಲಿವೆಯೇ, ಸೋರುವುದು ಒಂದೇ ಜಂಟಿ ಮೋರಿಯಿಂದಲೇ ಎಂಬುದಕ್ಕೆ ಮಾತ್ರ ಶಾಲೆಗೆ ಹೋಗಿಯೇ ನೋಡಬೇಕು. ನೋಡಲು ಬಂದ ಅಧಿಕಾರಿ ಮುಂದಿನ ವರ್ಷ ವರ್ಗವಾಗಿ ಹೋಗಿರುತ್ತಾರೆ.

ಈ ಕೊರತೆಯನ್ನು ತುಂಬಲು ಸರಳ ಡಿಜಿಟಲ್ ಕಟ್ಟಡ ಮಾದರಿ ಸಾಕು ಎಂಬುದು ಈ ಲೇಖನದ ವಾದ. ‘ಸರಳ’ ಎಂಬ ಪದಕ್ಕೆ ಒತ್ತು ಕೊಡಬೇಕು. ವಿಮಾನ ನಿಲ್ದಾಣ, ಮೆಟ್ರೊ ನಿಲ್ದಾಣಗಳನ್ನು ಕಟ್ಟುವವರು ಬಳಸುವ, ಪ್ರತಿ ತೊಲೆ, ಪ್ರತಿ ತಂತಿ, ಪ್ರತಿ ಕೊಳಾಯಿಯ ವಿವರವನ್ನೂ ಒಳಗೊಂಡ ‘ಬಿಮ್’ ತಂತ್ರಜ್ಞಾನ ಇಲ್ಲಿ ಬೇಕಿಲ್ಲ. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯನ್ನು ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ 2010ರಲ್ಲಿ ಲೇಸರ್ ಕಿರಣಗಳಿಂದ ಅಳೆದಿಟ್ಟಿದ್ದು, 2019ರ ಏಪ್ರಿಲ್‌ನಲ್ಲಿ ಬೆಂಕಿಯಿಂದ ಅದರ ಛಾವಣಿ ಸುಟ್ಟುಹೋದಾಗ ಪುನರ್ನಿರ್ಮಾಣಕ್ಕೆ ನೆರವಾಯಿತು ಎಂಬುದು ಪ್ರಸಿದ್ಧ. ಆ ಕಥೆ ಕೇಳಲು ಚೆನ್ನ. ಆದರೆ ಅಂಥ ಲಕ್ಷಾಂತರ ಬಿಂದುಗಳ ಭಾರೀ ಕಡತವನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರ್ ತೆರೆಯುವಷ್ಟರಲ್ಲಿ ಊಟದ ಗಂಟೆ ಹೊಡೆದಿರುತ್ತದೆ. ತೆರೆಯಲಾಗದ ಮಾದರಿಯನ್ನು ಯಾರೂ ತಿದ್ದುವುದಿಲ್ಲ. ತಿದ್ದದ ಮಾದರಿ ಎರಡೇ ವರ್ಷದಲ್ಲಿ ಸುಳ್ಳಾಗುತ್ತದೆ.

ನಮಗೆ ಬೇಕಿರುವುದು ಬೆಂಕಿಪೊಟ್ಟಣಗಳನ್ನು ಜೋಡಿಸಿದಂಥದು. ಪ್ರತಿ ಕೊಠಡಿಗೊಂದು ಪೆಟ್ಟಿಗೆ. ಸರಿಯಾದ ಉದ್ದ, ಅಗಲ, ಎತ್ತರ. ಬಾಗಿಲು ಕಿಟಕಿಗಳ ಜಾಗ. ಛಾವಣಿ ಹೆಂಚಿನದೋ ಕಾಂಕ್ರೀಟಿನದೋ ಎಂಬ ಗುರುತು. ಮರ, ಬಾವಿ, ತೊಟ್ಟಿ, ಕಾಂಪೌಂಡು, ಗೇಟು. ಪೆಟ್ಟಿಗೆಯ ಮೇಲೆ ಕಟ್ಟಿದ ವರ್ಷ, ಯೋಜನೆಯ ಹೆಸರು, ಕೊನೆಯ ದುರಸ್ತಿಯ ವಿವರ. ಇಷ್ಟನ್ನು ಮಾಡಬಲ್ಲ ತಂತ್ರಾಂಶಗಳು ಹೊಸವಲ್ಲ. 2000ದಲ್ಲಿ ಬಂದ ಸ್ಕೆಚ್‌ಅಪ್ ಎಂಬುದನ್ನು 2006ರಲ್ಲಿ ಗೂಗಲ್ ಕೊಂಡು, ಅದರ ಒಂದು ಆವೃತ್ತಿಯನ್ನು ಉಚಿತವಾಗಿ ಹಂಚಿತು. 2012ರಲ್ಲಿ ಅದು ಟ್ರಿಂಬಲ್ ಎಂಬ ಸಂಸ್ಥೆಯ ಪಾಲಾಯಿತು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳು ತಮ್ಮ ಕ್ಯಾಂಪಸ್ಸಿನ ಮಾದರಿಯನ್ನು ತಾವೇ ಕಟ್ಟುವ ಸ್ಪರ್ಧೆಯನ್ನು ಗೂಗಲ್ 2007ರಲ್ಲಿ ನಡೆಸಿತ್ತು. ಸಂಪೂರ್ಣ ಮುಕ್ತವಾಗಿರುವ ಸ್ವೀಟ್ ಹೋಮ್ ತ್ರೀಡಿ, ಫ್ರೀಕ್ಯಾಡ್, ಬ್ಲೆಂಡರ್ ಇವೆ. ಪರವಾನಗಿಯ ರಗಳೆಯಿಲ್ಲದ ಇವೇ ಸರ್ಕಾರಿ ಶಾಲೆಗೆ ಹೆಚ್ಚು ಸೂಕ್ತ ಎನ್ನಬೇಕು.

ಅಳೆಯುವ ಕೆಲಸ ಎಂಟನೇ ತರಗತಿಯ ಗಣಿತ. ಹದಿನೆಂಟು ಅಡಿ ಅಗಲ, ಇಪ್ಪತ್ನಾಲ್ಕು ಅಡಿ ಉದ್ದದ ಕೊಠಡಿಯ ಕರ್ಣ ಸರಿಯಾಗಿ 30 ಅಡಿ ಇರಬೇಕು. ಎರಡೂ ಕರ್ಣಗಳನ್ನು ಅಳೆದಾಗ ಒಂದು 30 ಅಡಿ 4 ಅಂಗುಲ, ಇನ್ನೊಂದು ಅದಕ್ಕಿಂತ ಕಡಿಮೆ ಬಂದರೆ ಕೊಠಡಿ ಮೂಲೆಮಟ್ಟಕ್ಕಿಲ್ಲ ಎಂದರ್ಥ. ಪುಸ್ತಕದಲ್ಲಿ ಪೈಥಾಗೊರಸ್ ಹೆಸರಿನಲ್ಲಿರುವ ಪ್ರಮೇಯ ತಮ್ಮದೇ ತರಗತಿಯ ಗೋಡೆ ಓರೆಯಾಗಿರುವುದನ್ನು ಹಿಡಿದುಕೊಡುವಾಗ ಮಕ್ಕಳ ಮುಖದಲ್ಲಿ ಮೂಡುವ ಸಂತೋಷಕ್ಕೆ ಬೇರೆ ಪಠ್ಯೋಪಕರಣ ಬೇಕಿಲ್ಲ. ಏರಲಾಗದ ಹೆಂಚಿನ ಮಾಡಿನ ಎತ್ತರವನ್ನು ಅದರ ನೆರಳಿನಿಂದ, ಸಮರೂಪ ತ್ರಿಭುಜಗಳ ಲೆಕ್ಕದಿಂದ ತೆಗೆಯಬಹುದು. ಎರಡು ದಿನ, ಒಂದು 100 ಅಡಿ ಟೇಪು, ಒಂದು ನೋಟ್‌ಬುಕ್, ಒಬ್ಬ ಆಸಕ್ತ ಶಿಕ್ಷಕ. ಕೊನೆಯದೇ ದುರ್ಲಭವಾದುದು, ನಿಜ.

ಇಷ್ಟೆಲ್ಲ ಮಾಡಿ ದೊರೆಯುವುದೇನು ಎಂಬುದು ನ್ಯಾಯವಾದ ಪ್ರಶ್ನೆ. ಬಿಸಿಲಿನಿಂದಲೇ ಆರಂಭಿಸೋಣ. ಪೂರಿಗಾಲಿಯ ಸೀಮೆ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಮೂರನೇ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ಮೂರನೇ ವಾರದ ಸುಮಾರಿಗೆ ಮತ್ತೊಮ್ಮೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ನಾಲ್ಕು ತಿಂಗಳು ಅವನು ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ ಕೊನೆಯ ಭಾಗದಲ್ಲಿ 10 ಅಡಿ ಎತ್ತರದ ಗೋಡೆಯ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುವುದು ಕೇವಲ ಎರಡಡಿ. ಡಿಸೆಂಬರ್ ಕೊನೆಯ ಭಾಗದಲ್ಲಿ ಅದೇ ಗೋಡೆಯ ನೆರಳು ಉತ್ತರಕ್ಕೆ ಏಳಡಿ ಚಾಚುತ್ತದೆ. ಪ್ರಾರ್ಥನೆಗೆ ಮಕ್ಕಳು ಎಲ್ಲಿ ನಿಲ್ಲಬೇಕು, ಬಿಸಿಯೂಟಕ್ಕೆ ಎಲ್ಲಿ ಕೂರಬೇಕು, ಪಡಸಾಲೆ ಯಾವ ಬದಿಗಿರಬೇಕು ಎಂಬುದೆಲ್ಲ ಈ ಎರಡಡಿ, ಏಳಡಿಗಳ ಮೇಲೆ ನಿಂತಿದೆ. ನಮ್ಮ ಹಿಂದಿನ ಗಾರೆಯವರಿಗೆ ಇದು ಅನುಭವದಿಂದ ಗೊತ್ತಿತ್ತು. ಬೆಂಗಳೂರಿನಲ್ಲಿ ಒಮ್ಮೆ ಬರೆದು ಬೀದರಿನಿಂದ ಚಾಮರಾಜನಗರದವರೆಗೆ ಕಳಿಸುವ ಸಿದ್ಧ ನಕ್ಷೆಗೆ ಗೊತ್ತಿಲ್ಲ. ಅದು ಜಾಗ ಸಿಕ್ಕ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಕಿಟಕಿಗಳೆಲ್ಲ ಪಶ್ಚಿಮಕ್ಕೆ ಬಿದ್ದರೆ ಮಾರ್ಚ್ ತಿಂಗಳ ಪರೀಕ್ಷೆಯ ಮಧ್ಯಾಹ್ನಗಳಲ್ಲಿ ಮಕ್ಕಳು ಬೆಂದುಹೋಗುತ್ತಾರೆ. ಡಿಜಿಟಲ್ ಮಾದರಿಗೆ ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ, ಇನ್ನೂ ಅಡಿಪಾಯವೇ ಬೀಳದ ಕೊಠಡಿಯ ನೆರಳನ್ನು ವರ್ಷದ ಯಾವ ದಿನದ ಯಾವ ಗಂಟೆಗೆ ಬೇಕಾದರೂ ತೋರಿಸುತ್ತದೆ. ಪೆಟ್ಟಿಗೆಯನ್ನು ತಿರುಗಿಸಿ ಇನ್ನೊಮ್ಮೆ ನೋಡಲು ಖರ್ಚಿಲ್ಲ.

ಇಳಿಜಾರು ಹಾದಿಯ ವಿಷಯ ಇನ್ನೂ ನೋವಿನದು. ಗಾಲಿಕುರ್ಚಿಗೆ ಒಂದಕ್ಕೆ ಹನ್ನೆರಡರ ಇಳಿಜಾರು ಬೇಕೆಂಬುದು ಅಂಗೀಕೃತ ಮಾನದಂಡ. ನೆಲದಿಂದ ಎರಡಡಿ ಎತ್ತರದ ಜಗಲಿಗೆ, ಈ ಲೆಕ್ಕದಲ್ಲಿ, 24 ಅಡಿ ಉದ್ದದ ಹಾದಿ ಬೇಕು. ಮೇಲೆ ಕೆಳಗೆ ತಿರುಗಲು ಸಮತಟ್ಟು ಜಾಗ ಬೇರೆ. ಬಾಗಿಲ ಮುಂದೆ ಅಷ್ಟು ಉದ್ದ ಎಲ್ಲಿಂದ ಬರಬೇಕು? ಹಾಗಾಗಿ ಹಲವು ಕಡೆ ಕಾಯ್ದೆಯ ಮರ್ಯಾದೆಗೆಂದು ಆರೇಳು ಅಡಿಯ ಕಡಿದಾದ ಸಿಮೆಂಟಿನ ಇಳಿಜಾರು ಹಾಕಿ, ಕಬ್ಬಿಣದ ಕಂಬಿ ನೆಟ್ಟು, ನಮೂನೆಯಲ್ಲಿ ‘ಇದೆ’ ಎಂದು ಬರೆಯಲಾಗುತ್ತದೆ. ಮಕ್ಕಳು ಅದರ ಮೇಲೆ ಜಾರುಬಂಡೆಯಾಡುತ್ತಾರೆ. ಯಾರಿಗಾಗಿ ಕಟ್ಟಿದ್ದೋ ಆ ಮಗು ಮನೆಯಲ್ಲೇ ಉಳಿಯುತ್ತದೆ. ಇಡೀ ಆವರಣದ ಮಾದರಿ ಕಣ್ಣ ಮುಂದಿದ್ದರೆ ಬೇರೊಂದು ಉಪಾಯ ಹೊಳೆಯಬಹುದು: ಆವರಣದ ನೆಲವೇ ಎತ್ತರವಿರುವ ಕಡೆ ಜಗಲಿಯ ಎತ್ತರ ಒಂದಡಿಗೆ ಇಳಿದಿರುತ್ತದೆ, ಅಲ್ಲಿ 12 ಅಡಿ ಸಾಕು, ಅಲ್ಲಿಂದ ಪಡಸಾಲೆಗಳನ್ನು ಒಂದಕ್ಕೊಂದು ಸೇರಿಸಿದರೆ ಎಲ್ಲ ಕೊಠಡಿಗಳೂ ಒಂದೇ ಹಾದಿಗೆ ಸಿಗುತ್ತವೆ. ಕೊಠಡಿಗೊಂದು ಇಳಿಜಾರು ಎಂದು ಯೋಚಿಸುವವರಿಗೆ ಇದು ಕಾಣದು.

ನೀರಿನ ಲೆಕ್ಕವೂ ಅಷ್ಟೇ. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ನೂರು ಚದರ ಮೀಟರ್ ಛಾವಣಿಯ ಮೇಲೆ ಬೀಳುವುದು 70 ಸಾವಿರ ಲೀಟರ್. ಐದರಲ್ಲೊಂದು ಪಾಲು ಹಾಳಾಯಿತೆಂದರೂ 56 ಸಾವಿರ ಲೀಟರ್ ಉಳಿಯುತ್ತದೆ. ಯಾವ ಛಾವಣಿಯ ನೀರು ಯಾವ ಕಡೆ ಇಳಿಯುತ್ತದೆ, ಶೌಚಾಲಯ ಎಲ್ಲಿದೆ, ತೊಟ್ಟಿಯನ್ನು ಎಲ್ಲಿಟ್ಟರೆ ಪಂಪಿಲ್ಲದೆ ನೀರು ಹರಿದುಹೋಗುತ್ತದೆ ಎಂಬುದನ್ನು ಮಾದರಿಯ ಮೇಲೆ ಅರ್ಧ ಗಂಟೆಯಲ್ಲಿ ಯೋಚಿಸಬಹುದು.

ಇಷ್ಟು ಹೇಳಿದ ಮೇಲೆ ಮಾದರಿಯ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. ಪೆಟ್ಟಿಗೆಗಳ ಚಿತ್ರ ಕಟ್ಟಡದ ಆಕಾರ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಕಾಂಕ್ರೀಟಿನೊಳಗೆ ತುಕ್ಕು ಹಿಡಿದ ಕಂಬಿ, ಗಾರೆ ಸತ್ತ ಇಟ್ಟಿಗೆ, ಗೆದ್ದಲು ತಿಂದ ತೊಲೆ ಪರದೆಯ ಮೇಲೆ ಕಾಣುವುದಿಲ್ಲ. ಮೈಸೂರಿನ ಉದಾಹರಣೆಗಳು ಕಣ್ಣೆದುರಿಗಿವೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಭಾಗವೊಂದು ಬಿದ್ದಿತು; ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2022ರ ಅಕ್ಟೋಬರ್‌ನಲ್ಲಿ ಶತಮಾನ ದಾಟಿದ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗ ಕುಸಿದಾಗ ಒಳಗೆ ಯಾರೂ ಇರಲಿಲ್ಲ. ಅಪಾಯದ ಸೂಚನೆ ಕಂಡು ವಿದ್ಯಾರ್ಥಿನಿಯರನ್ನು ಮೊದಲೇ ಹೊರಗೆ ಕಳಿಸಲಾಗಿತ್ತು. ಅಂದು ಜೀವಗಳನ್ನು ಉಳಿಸಿದ್ದು ಕಂಪ್ಯೂಟರ್ ಅಲ್ಲ, ಗೋಡೆಯ ಬಿರುಕನ್ನು ಗಮನಿಸಿದ ಕಣ್ಣು. ಆದರೆ ಬಿರುಕಿಗೂ ಒಂದು ವಿಳಾಸ ಬೇಕಲ್ಲವೇ? ಯಾವ ಗೋಡೆಯಲ್ಲಿ, ಎಷ್ಟು ಎತ್ತರದಲ್ಲಿ, ಕಳೆದ ವರ್ಷ ಎಷ್ಟು ಉದ್ದವಿತ್ತು, ಈ ಮಳೆಗಾಲದಲ್ಲಿ ಎಷ್ಟಾಯಿತು ಎಂದು ಪೆಟ್ಟಿಗೆಯ ಮೈಮೇಲೆ ಫೋಟೊ ಸಹಿತ ಗುರುತಿಸುತ್ತ ಬಂದರೆ, ಪರಿಣತ ಎಂಜಿನಿಯರ್ ಬಂದಾಗ ಅವರ ಕೈಗೆ ಒಂದು ಚರಿತ್ರೆ ಸಿಗುತ್ತದೆ. ವೈದ್ಯರಿಗೆ ಹಳೆಯ ಚೀಟಿಗಳನ್ನು ತೋರಿಸಿದ ಹಾಗೆ.

ಇನ್ನೊಂದು ಅಪಾಯ ಮಾದರಿಯ ಸೊಗಸಿನಲ್ಲೇ ಇದೆ. ಹಸಿರು ಹುಲ್ಲು, ನೀಲಿ ಆಕಾಶ, ಶುಭ್ರ ಸಮವಸ್ತ್ರದ ಮಕ್ಕಳನ್ನು ಸೇರಿಸಿದ ಬಣ್ಣದ ಚಿತ್ರಗಳನ್ನು ಶಂಕುಸ್ಥಾಪನೆಯ ಫಲಕಗಳಲ್ಲಿ ನಾವು ಬೇಕಾದಷ್ಟು ನೋಡಿದ್ದೇವೆ. ಅವು ಯೋಚಿಸಲು ಬರೆದವಲ್ಲ, ಒಪ್ಪಿಸಲು ಬರೆದವು. ಇರುವ ಹೆಂಚಿನ ಹಜಾರವನ್ನು ಕೆಡವಿ ಹೊಸತು ಕಟ್ಟಿಸುವ ಉತ್ಸಾಹ ಗುತ್ತಿಗೆಯ ಲೋಕದಲ್ಲಿ ಯಾವಾಗಲೂ ಇದ್ದದ್ದೇ. ಚೆಂದದ ಚಿತ್ರ ಆ ಉತ್ಸಾಹಕ್ಕೆ ಗಾಳಿ ಹಾಕುತ್ತದೆ. ಈ ಸೀಮೆಯ ಹಲವು ಹೆಂಚಿನ ಹಜಾರಗಳು ಕೆಲವೇ ರೀಪು, ಹೆಂಚುಗಳನ್ನು ಬದಲಿಸಿದರೆ ಇನ್ನೂ ಒಂದು ತಲೆಮಾರು ಬಾಳುತ್ತವೆ. ಬೇಸಿಗೆಯಲ್ಲಿ ಅವು ತೆಳು ಕಾಂಕ್ರೀಟಿನ ಛಾವಣಿಗಿಂತ ತಂಪು. ಆದ್ದರಿಂದ ಶಾಲೆಯ ಮಾದರಿ ಬೂದುಬಣ್ಣದ ಪೆಟ್ಟಿಗೆಗಳಾಗಿಯೇ ಇರುವುದು ಲೇಸು. ಅದರಲ್ಲಿ ಮೊದಲು ಬರೆಯಬೇಕಾದದ್ದು ಇರುವುದನ್ನು. ಬರಬೇಕಾದದ್ದು ಆಮೇಲೆ, ಬೇರೆ ಬಣ್ಣದಲ್ಲಿ, ಒಂದಕ್ಕಿಂತ ಹೆಚ್ಚು ರೀತಿಯಲ್ಲಿ.

ಇದನ್ನು ಯಾರು ಮಾಡಬೇಕು? ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ವಿಸ್ತೃತ ಸರ್ವೆ ಶಿಬಿರವೊಂದು ಬಹುಕಾಲದಿಂದ ಇದ್ದೇ ಇದೆ. ಹೊಸ ಕೆರೆಯ ಏರಿ, ಹಳೆಯ ಕೆರೆಯ ಜೀರ್ಣೋದ್ಧಾರ, ರಸ್ತೆ, ನೀರು ಸರಬರಾಜು ಎಂದು ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಬೀಡುಬಿಟ್ಟು ಅಳೆಯುತ್ತಾರೆ. ಆ ಅಳತೆಗಳಲ್ಲಿ ಹೆಚ್ಚಿನವು ಅಂಕಪಟ್ಟಿಗಾಗಿ ಬಳಕೆಯಾಗಿ ಕಪಾಟು ಸೇರುತ್ತವೆ. ಅದೇ ಶಿಬಿರದಲ್ಲಿ ಬೀಡುಬಿಟ್ಟ ಊರಿನ ಶಾಲೆಯ ಆವರಣವನ್ನೂ ಅಳೆದು, ಮಾದರಿ ಮಾಡಿ, ಶಾಲೆಗೆ ಕೊಟ್ಟುಬರುವುದು ಹೆಚ್ಚಿನ ಹೊರೆಯಲ್ಲ. ಮಂಡ್ಯದಲ್ಲಿ 1962ರಲ್ಲೇ ಕೆ.ವಿ. ಶಂಕರಗೌಡರ ಪ್ರಯತ್ನದಿಂದ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ಜಿಲ್ಲೆಯಲ್ಲಿ ಈ ವಿದ್ಯೆಗೆ ಕೊರತೆಯಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಟ್ಟಗಳನ್ನು ಹಿಡಿದುಕೊಡಲಿ, ಪ್ರೌಢಶಾಲೆಯ ಮಕ್ಕಳು ಕೊಠಡಿಗಳನ್ನು ಅಳೆಯಲಿ. ಕಡತ ಉಳಿಯಬೇಕಾದದ್ದು ಶಾಲೆಯಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ವಶದಲ್ಲಿ. ಪ್ರತಿಯೊಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ.

ಸಮಿತಿಯ ಪ್ರಸ್ತಾಪ ಇಲ್ಲಿ ಸುಮ್ಮನೆ ಬಂದದ್ದಲ್ಲ. 2001ರಿಂದ ರಾಜ್ಯದಲ್ಲಿ ಈ ಸಮಿತಿಗಳಿವೆ. ಸದಸ್ಯರಲ್ಲಿ ಹೆಚ್ಚಿನವರು ಪಾಲಕರು. ಕಟ್ಟಡದ ವಿಷಯ ಬಂದಾಗ ಇವರ ಪಾತ್ರ ಸಾಮಾನ್ಯವಾಗಿ ಸಹಿ ಹಾಕುವುದಕ್ಕೆ ಸೀಮಿತ. ಕಾರಣ ಅನಾಸಕ್ತಿಯಷ್ಟೇ ಅಲ್ಲ. ನೀಲಿ ನಕ್ಷೆಯ ಗೆರೆಗಳನ್ನು ಓದುವುದು ಒಂದು ಪ್ರತ್ಯೇಕ ಅಕ್ಷರಜ್ಞಾನ, ಅದು ಪದವೀಧರರಿಗೂ ಎಲ್ಲರಿಗೂ ಇರುವುದಿಲ್ಲ. ಮೂರು ಆಯಾಮದ ಪೆಟ್ಟಿಗೆಗಳನ್ನು ಗೋಡೆಯ ಮೇಲೆ ಮೂಡಿಸಿ, ‘ಕೊಠಡಿ ಇಲ್ಲಿ ಬಂದರೆ ಬಾವಿಯ ದಾರಿ ಮುಚ್ಚುತ್ತದೆ ನೋಡಿ’ ಎಂದರೆ ಅಕ್ಷರವೇ ಬಾರದ ತಾಯಿಯೂ ಮಾತಾಡಬಲ್ಲರು. ಅಡುಗೆಮನೆಯ ಹೊಗೆ ಯಾವ ತರಗತಿಗೆ ನುಗ್ಗುತ್ತದೆ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಯಾವ ರಸ್ತೆಗೆ ಕಾಣುತ್ತದೆ ಎಂಬುದು ಎಂಜಿನಿಯರರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಗೆರೆ ಎಳೆದು ಮುಗಿದ ಮೇಲೆ, ಅಗೆದ ಗುಂಡಿಗೆ ಜಲ್ಲಿ ಬಿದ್ದ ಮೇಲೆ ಈ ತಿಳಿವಳಿಕೆ ಹೊರಬಂದರೆ ಅದು ಜಗಳವಾಗುತ್ತದೆ. ಮೊದಲೇ ಬಂದರೆ ಸಲಹೆಯಾಗುತ್ತದೆ.

ಈ ಮಾತಿಗೆ ಈಗ ವಿಶೇಷ ತುರ್ತಿದೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಕಡೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು 2018–19ರಲ್ಲಿ ಆರಂಭವಾದ ನಂತರ, ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಉದ್ದೇಶಕ್ಕೆ ಕಟ್ಟಿದ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಕಾಲೇಜುಗಳು ಒಂದೇ ಆಡಳಿತಕ್ಕೆ ಸೇರತೊಡಗಿವೆ. ಆರು ವರ್ಷದ ಮಗುವೂ ಹದಿನೇಳರ ಯುವಕನೂ ಒಂದೇ ಗೇಟಿನಿಂದ ಬರುವ ಇಂಥ ಆವರಣದಲ್ಲಿ ಯಾರ ಕೊಠಡಿ ಎಲ್ಲಿರಬೇಕು, ಪ್ರಯೋಗಾಲಯವನ್ನು ಇಬ್ಬರೂ ಹಂಚಿಕೊಳ್ಳಬಹುದೇ, ಬೆಂಕಿ ಬಿದ್ದರೆ ಮಕ್ಕಳು ಯಾವ ದಾರಿಯಿಂದ ಹೊರಬರಬೇಕು ಎಂಬ ಪ್ರಶ್ನೆಗಳು ಕೊಠಡಿಗಳ ಸಂಖ್ಯೆಯಿಂದ ಬಗೆಹರಿಯುವಂಥವಲ್ಲ. ಕಡೆಯ ಪ್ರಶ್ನೆ ಅತಿಶಯದ್ದೆಂದು ತೋರಿದರೆ, 2004ರ ಜುಲೈನಲ್ಲಿ ಕುಂಭಕೋಣದ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತದ್ದನ್ನು ನೆನೆಯಬೇಕು. ಅಲ್ಲಿ ಹುಲ್ಲಿನ ಛಾವಣಿಯಷ್ಟೇ ಕೊಲೆಗಡುಕವಾಗಿದ್ದುದು ಇಕ್ಕಟ್ಟಾದ ದಾರಿ.

ದುರಸ್ತಿ ಕೆಲಸಗಳು ನಡೆಯುವುದು ಏಪ್ರಿಲ್, ಮೇ ತಿಂಗಳ ರಜೆಯಲ್ಲಿ. ಅದಕ್ಕೆ ಮೊದಲು, ಆರ್ಥಿಕ ವರ್ಷ ಮುಗಿಯುವ ಮಾರ್ಚಿನಲ್ಲಿ, ಉಳಿದ ಅನುದಾನವನ್ನು ತಕ್ಷಣ ವೆಚ್ಚ ಮಾಡಿ ವರದಿ ಕಳಿಸಬೇಕೆಂಬ ಸುತ್ತೋಲೆ ಬರುತ್ತದೆ. ಆಗ ಅಳೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಗುತ್ತಿಗೆದಾರರು ಖಾಲಿ ಜಾಗದಲ್ಲಿ ಸುಣ್ಣದ ಪುಡಿ ಚೆಲ್ಲಿ ಗೆರೆ ಎಳೆಯುತ್ತಾರೆ. ಬಿಸಿಲು ಹಿತವಾಗಿರುವ ಡಿಸೆಂಬರಿನಲ್ಲೇ ಟೇಪು ಹಿಡಿದ ಶಾಲೆಯೊಂದಿದ್ದರೆ, ಆ ಸುತ್ತೋಲೆ ಕೈಸೇರುವ ದಿನ ಹೊಸ ಕೊಠಡಿ ಎಲ್ಲಿ ಬೇಕು ಎಂಬುದು ಇನ್ನೂ ಇತ್ಯರ್ಥವಾಗಿರದಿದ್ದರೂ, ಎಲ್ಲಿ ಬೇಡ ಎಂಬುದನ್ನಾದರೂ ಆ ಊರು ಬೆರಳಿಟ್ಟು ತೋರಿಸಬಲ್ಲುದು.